ಆಯಿಯ ಹಳೇ ಫೋನಿನಿಂದಲೇ ಊರಿಗೂ ಮಾತು, ಇಂಟರ್ನೆಟ್ಟಲ್ಲಿ ಅಮೆರಿಕಕ್ಕೂ ಮಾತು – ಆಗುತ್ತಾ?

ಘಟ್ಟದ ಮೇಲಿನವ · ಶುಕ್ರವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಪುಣ್ಯ ಕಟ್ಟಿಕೊಳ್ಳಿ.

ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ನಾನು ಬೆಂಗಳೂರಲ್ಲಿದ್ದೇನೆ, ತಂಗಿ ನ್ಯೂಜೆರ್ಸಿಯಲ್ಲಿ. ಊರಲ್ಲಿ ಆಯಿ, ಅಂದರೆ ಅಮ್ಮ, ಮತ್ತು ಚಿಕ್ಕಪ್ಪನ ಸಂಸಾರ. ಆಯಿಗೆ 79. ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ, 08384ರ ಅದೇ ಹಳೇ ನಂಬರ್. ಎರಡು ವರ್ಷದ ಹಿಂದೆ ತಾಮ್ರದ ತಂತಿ ಕಿತ್ತು ಫೈಬರ್ ಎಳೆದರು. ಈಗ ಗೋಡೆ ಮೇಲೆ ಒಂದು ಬಿಳಿ ಡಬ್ಬಿ. ಅದರ ಹಿಂದೆ ‘ಫೋನ್’ ಅಂತ ಒಂದು ತೂತು. ಅದಕ್ಕೆ ಆಯಿಯ ಫೋನ್ ಸಿಕ್ಕಿಸಿದೆ.

ತಂಗಿ ವಾಟ್ಸಾಪ್‌ನಲ್ಲಿ ಚಿಕ್ಕಪ್ಪನ ಮಗನ ಮೊಬೈಲಿಗೆ ಮಾಡುತ್ತಾಳೆ. ಅವನು ತೋಟದಲ್ಲಿರುತ್ತಾನೆ, ಇಲ್ಲಾ ಪೇಟೆಯಲ್ಲಿ. ಆಯಿಗೇ ಒಂದು ಸ್ಮಾರ್ಟ್‌ಫೋನ್ ಕೊಡಿಸಿ ನೋಡಿದೆವು. ಅರವತ್ತು ವರ್ಷ ಅಡಿಕೆ ಸುಲಿದ ಬೆರಳು. ಸ್ಕ್ರೀನಿಗೆ ಅದು ಬೆರಳು ಅಂತಲೇ ಗೊತ್ತಾಗುವುದಿಲ್ಲ. ಎಳೆಯಬೇಕಾದಲ್ಲಿ ಒತ್ತುತ್ತಾಳೆ, ಒತ್ತಬೇಕಾದಲ್ಲಿ ಎಳೆಯುತ್ತಾಳೆ. ಮೂರನೇ ದಿನ ಅದನ್ನು ಸೀರೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಲ್ಯಾಂಡ್‌ಲೈನ್ ಮಾತ್ರ ಕಣ್ಣು ಮುಚ್ಚಿಕೊಂಡು ಒತ್ತುತ್ತಾಳೆ. ನಲವತ್ತು ನಂಬರ್ ಬಾಯಿಪಾಠ.

ನನ್ನ ಪ್ರಶ್ನೆ ಇಷ್ಟು. ಅದೇ ಫೋನ್, ಅದೇ ರಿಸೀವರ್. ಊರಿನವರಿಗೆ ಈಗ ಮಾಡುವ ಹಾಗೇ ಮಾಮೂಲಿ ಕರೆ ಹೋಗಬೇಕು. ಒಂದು ಗುಂಡಿ ಒತ್ತಿದರೆ ತಂಗಿಗೆ ಇಂಟರ್ನೆಟ್ ಮೂಲಕ ಹೋಗಬೇಕು. ತಂಗಿ ಮಾಡಿದರೆ ಅದೇ ಫೋನ್ ಬಡಿಯಬೇಕು. ಆಗುತ್ತಾ?

ಬಯಲುಸೀಮೆ ಬಸವ · 9:20

ಇದಕ್ಕೆಲ್ಲ ಯಾಕೆ ಸಾರ್ ತಲೆ ಕೆಡಿಸ್ಕೋತೀರಾ? ಒಂದು ಟ್ಯಾಬ್ ಕೊಡಿಸಿ, ದೊಡ್ಡ ಸ್ಕ್ರೀನ್. ಮೊಮ್ಮಕ್ಕಳ ಮುಖ ನೋಡಿಕೊಂಡು ಮಾತಾಡ್ತಾರೆ.

ಘಟ್ಟದ ಮೇಲಿನವ · 9:23

ಬಸವಣ್ಣ, ಟ್ರಂಕಿನಲ್ಲಿ ಇನ್ನೂ ಜಾಗ ಇದೆ, ಬೇಕಾದರೆ ಅದನ್ನೂ ಇಡುತ್ತಾಳೆ.

ಅರ್ಧಂಬರ್ಧ ಇಂಜಿನಿಯರ್ · 9:41

ಖಂಡಿತ ಆಗುತ್ತದೆ. ನಿಮಗೆ ಬೇಕಾಗಿರುವುದು ಎಟಿಎ ಅನ್ನೋ ಡಬ್ಬಿ. ಮಾಮೂಲಿ ಫೋನಿನ ತಂತಿ ಒಂದು ಕಡೆ, ರೂಟರಿನ ತಂತಿ ಇನ್ನೊಂದು ಕಡೆ. ಫೋನಿನ ದನಿಯನ್ನು ಇಂಟರ್ನೆಟ್ಟಿಗೆ ಹೊಂದುವ ಹಾಗೆ ಮಾಡಿ ಕಳಿಸುತ್ತದೆ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ತಗೊಳ್ಳಿ, ಕೆಲಸ ಮುಗೀತು.

ನಿವೃತ್ತ ಜೆಟಿಒ · 9:58

ಇಂಜಿನಿಯರ್ ಸಾಹೇಬರೇ, ಅರ್ಧ ಸರಿ ಹೇಳಿದ್ದೀರಿ, ಹೆಸರಿಗೆ ತಕ್ಕ ಹಾಗೆ 🙂

801ರಲ್ಲಿ ಫೋನ್ ಸಿಕ್ಕಿಸುವ ತೂತು ಒಂದೇ ಇರುವುದು. ಅದನ್ನು ಹಾಕಿದರೆ ಇಂಟರ್ನೆಟ್ ಕರೆ ಬರುತ್ತದೆ, ಊರಿನ ಲೈನ್ ಹೋಗುತ್ತದೆ. ಅವರು ಕೇಳಿದ್ದು ಎರಡೂ ಒಂದೇ ಫೋನಿನಲ್ಲಿ.

ಇಲ್ಲಿ ಎರಡು ಬಗೆಯ ಪೋರ್ಟ್ ಇವೆ, ಸುಮಾರು ಜನ ಕಲಸಿಕೊಳ್ಳುತ್ತಾರೆ. ಎಫ್‌ಎಕ್ಸ್‌ಎಸ್ ಅಂದರೆ ಫೋನಿಗೆ ಲೈನ್ ಕೊಡುವ ಪೋರ್ಟ್. ಡಯಲ್ ಟೋನ್ ಕೊಡುತ್ತದೆ, ಬೆಲ್ ಬಡಿಯುವಷ್ಟು ವೋಲ್ಟೇಜ್ ಕೊಡುತ್ತದೆ, ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸ. ಎಫ್‌ಎಕ್ಸ್‌ಒ ಅಂದರೆ ಲೈನನ್ನು ತೆಗೆದುಕೊಳ್ಳುವ ಪೋರ್ಟ್, ಫೋನ್ ಮಾಡುವ ಕೆಲಸ. ಅವರಿಗೆ ಎರಡೂ ಇರುವ ಡಬ್ಬಿ ಬೇಕು. ಎಚ್‌ಟಿ813ರಲ್ಲಿ ಒಂದೊಂದು ಇದೆ. ಹಳೆಯದರಲ್ಲಿ ಲಿಂಕ್‌ಸಿಸ್ ಎಸ್‌ಪಿಎ3102.

ತಪ್ಪಿ ಎಫ್‌ಎಕ್ಸ್‌ಎಸ್ ತೂತಿಗೆ ಎಕ್ಸ್‌ಚೇಂಜ್ ಲೈನ್ ಸಿಕ್ಕಿಸಬೇಡಿ. ಎರಡೂ ಕಡೆಯಿಂದ ವೋಲ್ಟೇಜ್ ಬಂದರೆ ಡಬ್ಬಿ ಸುಟ್ಟು ಹೋಗುತ್ತದೆ. ನನ್ನ ಅಳಿಯ ಮಾಡಿದ್ದಾನೆ.

ಕುಂದಾಪ್ರ ಕಾಕಿ · 10:05

ಅಳಿಯನ ಮರ್ಯಾದೆ ಚರ್ಚೆಗೆ ತಂದ್ರಲ್ಲ ಮಾರಾಯ್ರೆ.

ಮ್ಯೂನಿಕ್ ಮಾವ · 10:31

ಇಲ್ಲಿ ಜರ್ಮನಿಯಲ್ಲಿ ಈ ತಲೆನೋವೇ ಇಲ್ಲ. ಮನೆಮನೆಯಲ್ಲಿ ಫ್ರಿಟ್ಸ್‌ಬಾಕ್ಸ್. ಅದರ ಹಿಂದೆ ‘ಫಾನ್’ ಅಂತ ಪೋರ್ಟ್, ಹಳೇ ಫೋನ್ ಸಿಕ್ಕಿಸಿದರೆ ಮುಗೀತು. ಕಾರ್ಡ್‌ಲೆಸ್ ಫೋನಿನ ಬೇಸ್ ಕೂಡ ಅದರ ಒಳಗೇ ಇದೆ. ಲ್ಯಾಂಡ್‌ಲೈನ್ ಅನ್ನುವುದು ಇಲ್ಲಿ ಒಳಗಿಂದ ಪೂರ್ತಿ ಇಂಟರ್ನೆಟ್ಟೇ ಆಗಿ ಹೋಗಿದೆ.

ಇನ್ನೊಂದು ದಾರಿ ಹೇಳುತ್ತೇನೆ. ಗಿಗಾಸೆಟ್‌ನವರ ಕೆಲವು ಕಾರ್ಡ್‌ಲೆಸ್ ಫೋನ್‌ಗಳಲ್ಲಿ ಮಾಮೂಲಿ ಲೈನೂ ಇಂಟರ್ನೆಟ್ ಲೈನೂ ಎರಡೂ ಒಂದೇ ಬೇಸ್‌ಗೆ ಬರುತ್ತವೆ. ಹಸಿರು ಗುಂಡಿ ಚಿಕ್ಕದಾಗಿ ಒತ್ತಿದರೆ ಒಂದು ಲೈನ್, ಒತ್ತಿ ಹಿಡಿದರೆ ಇನ್ನೊಂದು.

ಘಟ್ಟದ ಮೇಲಿನವ · 10:38

ಮಾವ, ಒತ್ತಿ ಹಿಡಿಯುವುದು ಅಂದಕೂಡಲೇ ನಮ್ಮಲ್ಲಿ ಫೇಲ್. ಕಾರ್ಡ್‌ಲೆಸ್ ಅಂತೂ ಬೇಡವೇ ಬೇಡ. ಹಿಂದೆ ಒಂದಿತ್ತು. ಆಯಿ ಅದನ್ನು ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ಹಂಡೆಯೊಳಗೆ ಬಿಟ್ಟಳು.

ದುಬೈ ಕನ್ನಡಿಗ · 10:52

ನಿಮ್ಮದು ಪುಣ್ಯ, ಕರೆ ಮಾಡೋಕಾದರೂ ಆಗುತ್ತೆ. ಇಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತೆ, ಕರೆ ಹೋಗಲ್ಲ. ಅನುಮತಿ ಇರೋ ಬೋಟಿಮ್ ಥರದ ಆ್ಯಪ್ ಹಾಕ್ಕೋಬೇಕು. ಉಡುಪಿಯಲ್ಲಿ ಅಮ್ಮನ ಮೊಬೈಲಿಗೂ ಅದನ್ನೇ ಹಾಕಿಸಿದೀನಿ. ಅಮ್ಮ ಅದಕ್ಕೆ ‘ಬಾಟ್ಲಿ’ ಅಂತಾರೆ. ‘ನಿನ್ನೆ ಬಾಟ್ಲಿಯಲ್ಲಿ ಮಾತಾಡಿದ್ನಲ್ಲ’ ಅಂತ ಪಕ್ಕದ ಮನೆಯವರ ಹತ್ರ ಹೇಳಿದ್ರಂತೆ.

ಕಿತ್ತೂರು ಕುಲಕರ್ಣಿ ಓಣಿ · ಶನಿವಾರ ಬೆಳಿಗ್ಗೆ 7:15

ಹಳ್ಳಿ, ಎಕ್ಸ್‌ಚೇಂಜ್ ಅಂತ ಓದಿ ಕೈ ಸುಮ್ಮನಿರಲಿಲ್ಲ ನೋಡ್ರಿ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಯಾರಿಸಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಬಂದದ್ದು ನಮ್ಮ ಕಿತ್ತೂರಿಗೆ, 1986ರಲ್ಲಿ. ದೂಳಿಗೂ ಬಿಸಿಲಿಗೂ ಎ.ಸಿ. ಇಲ್ಲದೇ ನಡೆಯುವ ಹಾಗೆ ಮಾಡಿದ್ದರು. ನಮ್ಮ ಅಪ್ಪಾರು ಅದನ್ನು ನೋಡಲಿಕ್ಕಂತಲೇ ಹೋಗಿದ್ದರಂತ. ಒಳಗ ಏನೂ ತಿರುಗೂದಿಲ್ಲ, ಸಪ್ಪಳಿಲ್ಲ, ಬರೀ ದೀಪ ಮಿಣಮಿಣ ಅಂತಾವ, ಇದೆಂಥಾ ಎಕ್ಸ್‌ಚೇಂಜ್ ಅಂತ ಬೇಜಾರಾಗಿ ಬಂದರಂತ.

ವಿಷಯಕ್ಕೆ ಸಂಬಂಧ ಇಲ್ಲ, ಗೊತ್ತದ. ಹೇಳಬೇಕನಸ್ತು.

ನಿವೃತ್ತ ಜೆಟಿಒ · 7:40

ಸಂಬಂಧ ಇಲ್ಲ ಅಂತ ಯಾರು ಹೇಳಿದ್ದು? ದನಿಯನ್ನು ಅಂಕಿ ಮಾಡಿ ಕಳಿಸುವ ಕೆಲಸ ಆವಾಗಲೇ ಎಕ್ಸ್‌ಚೇಂಜ್ ಒಳಗೆ ಶುರುವಾಗಿತ್ತು. ಸೆಕೆಂಡಿಗೆ 8,000 ಸಲ ದನಿಯನ್ನು ಅಳೆದು, ಒಂದೊಂದು ಅಳತೆಗೆ 8 ಬಿಟ್. ಒಟ್ಟು 64 ಕಿಲೋಬಿಟ್. ಇವತ್ತು ನಿಮ್ಮ ಎಟಿಎ ಡಬ್ಬಿ ಜಿ.711 ಅಂತ ಮಾಡುವುದೂ ಅದೇ ಲೆಕ್ಕ. ಬದಲಾಗಿದ್ದು ಅದನ್ನು ಸಾಗಿಸುವ ದಾರಿ.

ಘಟ್ಟದವರೇ, ನಿಮ್ಮ ಮನೆ ಲೈನ್ ಫೈಬರ್ ಆದ ದಿನದಿಂದ ಆಯಿ ಇಂಟರ್ನೆಟ್ ತಂತ್ರದಲ್ಲೇ ಮಾತಾಡುತ್ತಿದ್ದಾರೆ. ಆ ಬಿಳಿ ಡಬ್ಬಿಯ ಫೋನ್ ಪೋರ್ಟ್ ಕೂಡ ಒಂದು ಎಟಿಎನೇ. ವ್ಯತ್ಯಾಸ ಏನೆಂದರೆ ಅದರ ಬೀಗದ ಕೈ ಕಂಪನಿ ಹತ್ತಿರ ಇದೆ. ನಿಮಗೆ ಬೇಕಾಗಿರುವುದು ನಿಮ್ಮ ಕೈಲಿ ಬೀಗದ ಕೈ ಇರುವ ಇನ್ನೊಂದು.

ಬಯಲುಸೀಮೆ ಬಸವ · 8:02

ನಮ್ಮೂರಲ್ಲಿ ನೆಟ್ ಎರಡು ಎಂಬಿಪಿಎಸ್ ಬಂದರೆ ಹಬ್ಬ. ಇದೆಲ್ಲ ಎಳೆಯುತ್ತಾ?

ಅರ್ಧಂಬರ್ಧ ಇಂಜಿನಿಯರ್ · 8:10

ಆರಾಮಾಗಿ ಎಳೆಯುತ್ತೆ. 64 ಕಿಲೋಬಿಟ್ ದನಿಗೆ ವಿಳಾಸದ ಚೀಟಿ ಗೀಟಿ ಎಲ್ಲ ಅಂಟಿಸಿದ ಮೇಲೆ ಒಂದೊಂದು ದಿಕ್ಕಿಗೆ ಸುಮಾರು 87. ಇನ್ನೂ ಸಣ್ಣದು ಬೇಕಾದರೆ ಜಿ.729, ದನಿ 8 ಕಿಲೋಬಿಟ್, ಚೀಟಿ ಸೇರಿ 31ರ ಹತ್ತಿರ. ಚೀಟಿಯೇ ಕಾಗದಕ್ಕಿಂತ ಭಾರ. ನೆಟ್ ವೇಗ ಕಮ್ಮಿ ಇದ್ದರೆ ಪರವಾಗಿಲ್ಲ, ತಡೆದು ತಡೆದು ಬರಬಾರದು ಅಷ್ಟೇ. ಹಾಗೆ ಬಂದರೆ ಮಾತು ತುಂಡು ತುಂಡಾಗುತ್ತೆ.

ಘಟ್ಟದವರೇ, ನನ್ನ ಹತ್ತಿರ ಒಂದು ಎಸ್‌ಪಿಎ3102 ಡ್ರಾಯರಿನಲ್ಲಿ ಬಿದ್ದಿದೆ. ಬೆಂಗಳೂರಲ್ಲಿ ಸಿಕ್ಕರೆ ಕೊಡ್ತೀನಿ. ಕಾಫಿ ಕುಡಿಸಿದರೆ ಸಾಕು. 813 ಹೊಸದು, ಚೆನ್ನಾಗೂ ಇದೆ. ಆದರೆ ಬಂದ ಹಾಗೇ ಬಳಸಿದರೆ ರಿಸೀವರ್ ಎತ್ತಿದ ಕೂಡಲೇ ಇಂಟರ್ನೆಟ್ ಲೈನ್ ಸಿಗುತ್ತೆ. ಊರಿನ ಲೈನ್ ಬೇಕು ಅಂದರೆ ಮೊದಲು *00 ಒತ್ತಬೇಕು. ನಿಮ್ಮ ಆಯಿಗೆ ಉಲ್ಟಾ ಬೇಕಲ್ವಾ, ಊರು ಮೊದಲು, ಅಮೆರಿಕ ಆಮೇಲೆ. 3102ರಲ್ಲಿ ಡಯಲ್ ಪ್ಲಾನ್, ಅಂದರೆ ಯಾವ ನಂಬರ್ ಯಾವ ದಾರಿಗೆ ಅನ್ನೋ ನಿಯಮ, ಬರೆದು ಎಲ್ಲ ಮಾಮೂಲಿ ನಂಬರನ್ನೂ ಸೀದಾ ಲೈನಿಗೆ ತಳ್ಳಬಹುದು.

ಘಟ್ಟದ ಮೇಲಿನವ · 8:31

ಕಾಫಿ ಏನು, ಮಸಾಲೆ ದೋಸೆಯೂ ಉಂಟು. ಖಾಸಗಿ ಮೆಸೇಜ್ ಹಾಕಿದೆ.

ತಂಗಿಗೆ ಹೇಳಿದೆ, ಕುಣಿದಾಡುತ್ತಿದ್ದಾಳೆ. ಅವಳದ್ದು ಇನ್ನೊಂದು ಯೋಚನೆ. ಅವಳು ಇಂಟರ್ನೆಟ್‌ನಿಂದ ನಮ್ಮ ಮನೆ ಡಬ್ಬಿಗೆ ಬಂದು, ಅಲ್ಲಿಂದ ನಮ್ಮ ಲೈನ್ ಹಿಡಿದು ದೊಡ್ಡಾಯಿಗೆ, ಗೆಳತಿಯರಿಗೆ ಎಲ್ಲ ಪುಕ್ಕಟೆ ಫೋನ್ ಮಾಡಬಹುದಲ್ಲ ಅಂತ. ಆ ಡಬ್ಬಿಯಲ್ಲಿ ಅದಕ್ಕೂ ಸೆಟ್ಟಿಂಗ್ ಇದೆಯಂತೆ?

ನಿವೃತ್ತ ಜೆಟಿಒ · 8:44

ಬೇಡ. ಬೇಡ. ಬೇಡ.

ಸೆಟ್ಟಿಂಗ್ ಇದೆ, ಕಾನೂನು ಒಪ್ಪುವುದಿಲ್ಲ. ಇಂಟರ್ನೆಟ್‌ನಲ್ಲಿ ಬಂದ ವಿದೇಶಿ ಕರೆಯನ್ನು ನಮ್ಮ ದೇಶದ ಫೋನ್ ಜಾಲಕ್ಕೆ ಜೋಡಿಸುವುದು ಲೈಸೆನ್ಸ್ ಇರುವವರ ಕೆಲಸ. ಬಾಡಿಗೆ ಮನೆಯಲ್ಲಿ ನೂರಾರು ಸಿಮ್ ಹಾಕಿ ಸಿಮ್‌ಬಾಕ್ಸ್ ನಡೆಸುತ್ತಿದ್ದವರನ್ನು ಪೊಲೀಸರು ಹಿಡಿದರು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅವರು ಮಾಡಿದ್ದು ಇದನ್ನೇ, ದೊಡ್ಡ ಮಟ್ಟದಲ್ಲಿ.

ಬಯಲುಸೀಮೆ ಬಸವ · 8:50

ಅಯ್ಯೋ ಬಿಡಿ ಸಾರ್, ಅವರೇನು ದಂಧೆ ಮಾಡ್ತಾರಾ? ಮನೆ ಮಗಳು ದೊಡ್ಡಮ್ಮನ ಹತ್ರ ಮಾತಾಡೋಕೆ ಲೈಸೆನ್ಸಾ?

ನಿವೃತ್ತ ಜೆಟಿಒ · 8:57

ಮಗಳು ಯಾರು, ದಂಧೆಯವನು ಯಾರು ಅಂತ ಡಬ್ಬಿಗೆ ಗೊತ್ತಾಗುವುದಿಲ್ಲ ಬಸವಣ್ಣ. ಪಾಸ್‌ವರ್ಡ್ ಸಡಿಲ ಇದ್ದರೆ ಎಲ್ಲಿಯವನೋ ಬಂದು ಆಯಿಯ ನಂಬರಿನಿಂದ ಯಾರಿಗೋ ಬೆದರಿಕೆ ಹಾಕುತ್ತಾನೆ. ಇಂಟರ್ನೆಟ್ ಕರೆ ಕೂಡಿಸುವ ಪದ್ಧತಿಗೆ ಸಿಪ್ ಅನ್ನುತ್ತಾರೆ; ಅದು ಬಳಸುವ 5060ನೇ ಪೋರ್ಟ್, ಅಂದರೆ ಡಬ್ಬಿಯ ಇಂಟರ್ನೆಟ್ ಬಾಗಿಲು, ತೆರೆದಿಟ್ಟು ನೋಡಿ, ಬಾಗಿಲು ತಟ್ಟುವವರು ಬಂದೇ ಬರುತ್ತಾರೆ. ಆಮೇಲೆ ಪೊಲೀಸರು ಬರುವುದು 79 ವರ್ಷದ ಆಯಿಯ ಮನೆಗೆ.

ಆಯಿಯ ಡಬ್ಬಿಯಿಂದ ತಂಗಿಯ ಡಬ್ಬಿಗೆ ಇಂಟರ್ನೆಟ್‌ನಲ್ಲೇ ಹೋಗಿ ಇಂಟರ್ನೆಟ್‌ನಲ್ಲೇ ಮುಗಿಯುವ ಕರೆ ಬೇರೆ. ಅದು ವಾಟ್ಸಾಪ್ ಕರೆಯ ಹಾಗೆ. ಎರಡು ದಾರಿಯೂ ಒಂದೇ ಫೋನಿಗೆ ಬರಲಿ, ದಾರಿ ದಾರಿ ಕೂಡುವುದು ಬೇಡ.

ಸೈಬರ್ ಕೆಫೆ ಸೀನ · 9:30

ಈ ಕಾನೂನಿನ ಮಾತು ಕೇಳಿ ನನಗೆ ಹಳೇದು ನೆನಪಾಯ್ತು. ನಾನು ಮೈಸೂರಲ್ಲಿ ಸೈಬರ್ ಕೆಫೆ ಇಟ್ಟಿದ್ದೆ. ಇಂಟರ್ನೆಟ್ ಫೋನ್ ಅಂದರೆ ಆಗ ಕಳ್ಳ ಮಾಲು. 2002ರ ಏಪ್ರಿಲ್ 1ಕ್ಕೆ ಸರ್ಕಾರ ಬಿಟ್ಟಿತು. ಗಿರಾಕಿಗಳು ಏಪ್ರಿಲ್ ಫೂಲ್ ಅಂದ್ಕೊಂಡರು. ಆಮೇಲೆ ನೋಡಿ, ಹೆಡ್‌ಫೋನಿಗೆ ಕ್ಯೂ. ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾಡಬಹುದು, ಮೈಸೂರಿಂದ ಮಂಡ್ಯದ ಫೋನಿಗೆ ಮಾತ್ರ ಮಾಡೋ ಹಾಗಿಲ್ಲ! ಅಮೆರಿಕ ಹತ್ತಿರ, ಮಂಡ್ಯ ದೂರ.

ಮಾತು ಎರಡು ಸೆಕೆಂಡ್ ತಡವಾಗಿ ಹೋಗ್ತಿತ್ತು. ‘ಊಟ ಆಯ್ತಾ’ ಅಂತ ಇವರು ಕೇಳೋ ಹೊತ್ತಿಗೆ ಅವರು ‘ಮಳೆ ಬಂತಾ’ ಅಂತ ಕೇಳಿರೋರು. ಇಬ್ಬರೂ ‘ಹ್ಞೂಂ’ ಅನ್ನೋರು.

ಮ್ಯೂನಿಕ್ ಮಾವ · 12:10

ಸ್ಕೈಪ್ ಬಂದ ಮೇಲೆ ಅದೆಲ್ಲ ಹೋಯಿತು. 2003. ಭಾರತದ ಒಳಗಿನ ಫೋನಿಗೆ ಭಾರತದಿಂದಲೇ ಸ್ಕೈಪ್‌ನಲ್ಲಿ ಮಾಡುವುದನ್ನು 2014ರ ನವೆಂಬರಿನಲ್ಲಿ ನಿಲ್ಲಿಸಿದರು. 2025ರ ಮೇ 5ಕ್ಕೆ ಸ್ಕೈಪೇ ನಿಂತಿತು. ನನ್ನ ಹತ್ತಿರ ಇನ್ನೂ ಅವರ ಹೆಸರಿನ ಯುಎಸ್‌ಬಿ ಫೋನ್ ಇದೆ. ಪೇಪರ್ ಹಾರದ ಹಾಗೆ ಮೇಲೆ ಇಡುತ್ತೇನೆ.

ಕುಂದಾಪ್ರ ಕಾಕಿ · 12:25

ಒಂದು ಹೇಳಿ. ನಮ್ಮ ತಾಮ್ರದ ಲೈನ್ ಕರೆಂಟ್ ಹೋದರೂ ನಡೀತಿತ್ತು. ಈ ಫೈಬರ್ ಡಬ್ಬಿ ಕರೆಂಟ್ ಹೋದ ಕೂಡಲೇ ಸತ್ತ ಹಾಗೆ ಬೀಳ್ತದೆ. ಮಳೆಗಾಲದಲ್ಲಿ ನಮಗೆ ಮೂರು ದಿವಸ ಕರೆಂಟ್ ಇರೂದಿಲ್ಲ. ಫೋನ್ ಬೇಕಾಗೂದೇ ಆವಾಗ. ಅದಕ್ಕೇನು ಮಾಡೂದು?

ನಿವೃತ್ತ ಜೆಟಿಒ · 12:50

ತಾಮ್ರದ ಜೋಡಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು, ಫೋನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಬೆಳಕಿನ ಎಳೆಯಲ್ಲಿ ಹಾಗೆ ಬರುವುದಿಲ್ಲ. ಬ್ರಿಟನ್‌ನಲ್ಲೂ ಇದೇ ಗಲಾಟೆ. ಅಲ್ಲಿ 2027ರ ಜನವರಿ ಕೊನೆಗೆ ಹಳೇ ಜಾಲ ಪೂರ್ತಿ ಮುಚ್ಚುತ್ತಾರೆ. ಕರೆಂಟ್ ಹೋದರೆ ಮುದುಕರ ಕತೆ ಏನು ಅಂತ ಅಲ್ಲೂ ಜಗಳ.

ಪರಿಹಾರ ಸಣ್ಣದು. 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಡಬ್ಬಿಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿ ತಗೊಳ್ಳಿ. ಕೆಲವು ಗಂಟೆ ತಡೆಯುತ್ತದೆ, ಮೂರು ದಿನ ಬರುವುದಿಲ್ಲ. ಮನೆಗೆ ಇನ್ವರ್ಟರ್ ಅಥವಾ ಸೋಲಾರ್ ಇದ್ದರೆ ಅದರಿಂದಲೇ ಒಂದು ಎಳೆ ಕೊಡಿ. ಆದರೆ ಆ ಕಡೆ ಕಂಪನಿಯವರ ಡಬ್ಬಿಗೂ ಕರೆಂಟ್ ಇರಬೇಕು, ಅದು ನಮ್ಮ ಕೈಲಿಲ್ಲ.

ಕುಂದಾಪ್ರ ಕಾಕಿ · 12:58

ಅಂದ್ರೆ ಮೂರನೇ ದಿವಸಕ್ಕೆ ಮತ್ತೆ ಕೂಗಿ ಕರೆಯೂದೇ.

ಘಟ್ಟದ ಮೇಲಿನವ · ಮುಂದಿನ ಭಾನುವಾರ ರಾತ್ರಿ 10:20

ವರದಿ ಒಪ್ಪಿಸುತ್ತಿದ್ದೇನೆ. ಡಬ್ಬಿ ಸಿಕ್ಕಿತು, ಇಂಜಿನಿಯರ್ ಅವರಿಗೆ ದೊಡ್ಡ ನಮಸ್ಕಾರ. ಎರಡು ದಿನ ರಜೆ ಹಾಕಿ ಊರಿಗೆ ಬಂದೆ.

ಡಬ್ಬಿಯ ಹಿಂದೆ ನಾಲ್ಕು ತೂತು. ಆಯಿಯ ಫೋನ್ ‘ಫೋನ್’ಗೆ. ಬಿಳಿ ಡಬ್ಬಿಯ ಫೋನ್ ಪೋರ್ಟಿನಿಂದ ಬಂದ ತಂತಿ ‘ಲೈನ್’ಗೆ. ‘ಇಂಟರ್ನೆಟ್’ ಅನ್ನೋದಕ್ಕೆ ರೂಟರಿನ ಕೇಬಲ್. ನಾಲ್ಕನೇದು ಖಾಲಿ. ಇಷ್ಟು ಐದು ನಿಮಿಷ. ಆಮೇಲೆ ನಾಲ್ಕು ಗಂಟೆ ಹೋಯಿತು.

ಕಂಪ್ಯೂಟರಿನಲ್ಲಿ ಡಬ್ಬಿಯ ಸೆಟ್ಟಿಂಗ್ ಪುಟವೇ ತೆರೆಯಲಿಲ್ಲ. ‘ಇಂಟರ್ನೆಟ್’ ತೂತಿನ ಕಡೆಯಿಂದ ಬರುವವರಿಗೆ ಬಾಗಿಲು ಹಾಕಿಯೇ ಬಂದಿರುತ್ತದಂತೆ. ಇಂಜಿನಿಯರ್ ಫೋನಿನಲ್ಲಿ ಹೇಳಿಕೊಟ್ಟರು. ರಿಸೀವರ್ ಎತ್ತಿ ನಾಲ್ಕು ಸಲ ಸ್ಟಾರ್ ಒತ್ತಿ, 110# ಒತ್ತಿದರೆ ಒಬ್ಬಳು ಇಂಗ್ಲಿಷಿನಲ್ಲಿ ಐಪಿ ವಿಳಾಸ ಓದುತ್ತಾಳೆ. 7932# ಒತ್ತಿ 1# ಅಂದರೆ ಬಾಗಿಲು ತೆರೆಯುತ್ತಾಳೆ. ಆಯಿ ಪಕ್ಕದಲ್ಲೇ ಕೂತಿದ್ದಳು. ರಿಸೀವರ್ ಕಿವಿಗಿಟ್ಟು ಕೇಳಿ, ‘ಇವಳು ಯಾರು, ನಮ್ಮನೆ ಲೈನಲ್ಲಿ ಎಂತಕ್ಕೆ ಕೂತಿದ್ದು’ ಅಂದಳು.

ತಂಗಿಗೂ ಆಯಿಗೂ ಒಂದೊಂದು ಸಿಪ್ ಖಾತೆ ಮಾಡಿದೆ. ತಂಗಿಯ ವಿಳಾಸ ಇಮೇಲ್ ಥರ ಅಕ್ಷರದಲ್ಲಿದೆ, ಅದನ್ನು ಫೋನಿನಲ್ಲಿ ಒತ್ತುವುದು ಹೇಗೆ? ಸ್ಪೀಡ್ ಡಯಲ್ 2ರಲ್ಲಿ ಬರೆದಿಟ್ಟೆ. ಈಗ ಆಯಿ 2 ಒತ್ತಿ # ಒತ್ತಿದರೆ ನ್ಯೂಜೆರ್ಸಿ. ಬಾಕಿ ಯಾವ ನಂಬರ್ ಒತ್ತಿದರೂ, 112 ಸೇರಿ, ಊರಿನ ಲೈನ್.

ಮೊದಲ ಕರೆಯಲ್ಲಿ ತಂಗಿಯ ಮಾತು ಇಲ್ಲಿ ಕೇಳುತ್ತದೆ, ಆಯಿಯ ಮಾತು ಅಲ್ಲಿ ಕೇಳುವುದಿಲ್ಲ. ‘ಆಯೀ, ಆಯೀ’ ಅಂತ ಅವಳು. ‘ಹ್ಞಾಂ ಇದ್ದೆ, ಹೇಳು’ ಅಂತ ಇವಳು. ಕಾರಣ ಏನಿರಬಹುದು? ಇವತ್ತಿಗೆ ಸಾಕಾಗಿ ಮಲಗುತ್ತಿದ್ದೇನೆ.

ಅರ್ಧಂಬರ್ಧ ಇಂಜಿನಿಯರ್ · 10:34

ರೂಟರಿನಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಸೆಟ್ಟಿಂಗ್ ಇರುತ್ತೆ. ಸಹಾಯ ಮಾಡ್ತೀನಿ ಅಂತ ಬಂದು ಕಾಗದದ ಮೇಲಿನ ವಿಳಾಸ ತಿದ್ದಿಬಿಡುತ್ತೆ. ಕರೆ ಕೂಡುತ್ತೆ, ದನಿ ಬೇರೆಯವರ ಮನೆಗೆ ಹೋಗುತ್ತೆ. ಅದನ್ನು ಆಫ್ ಮಾಡಿ. ಅದಾದ ಮೇಲೂ ಆಗದಿದ್ದರೆ ಡಬ್ಬಿಯಲ್ಲಿ ಸ್ಟನ್ ಆನ್ ಮಾಡಿ, ಹೊರಗಿನವರಿಗೆ ಕಾಣುವ ತನ್ನ ವಿಳಾಸ ಯಾವುದು ಅಂತ ಡಬ್ಬಿ ತಾನೇ ಕೇಳಿ ತಿಳ್ಕೊಳ್ಳುತ್ತೆ.

ಇನ್ನೊಂದು, ಡಿಸ್‌ಕನೆಕ್ಟ್ ಟೋನ್ ಬದಲಾಯಿಸಿ. ಅದರಲ್ಲಿ ಅಮೆರಿಕದ ಟೋನ್ ಇರುತ್ತೆ. ನಮ್ಮ ಎಂಗೇಜ್ ಟೋನ್ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಬದಲಾಯಿಸದಿದ್ದರೆ ಆ ಕಡೆಯವರು ಫೋನ್ ಇಟ್ಟಿದ್ದು ಡಬ್ಬಿಗೆ ಗೊತ್ತಾಗದೆ ಲೈನ್ ಹಿಡ್ಕೊಂಡೇ ಇರುತ್ತೆ.

ನಿವೃತ್ತ ಜೆಟಿಒ · 10:49

ಮೊದಲನೆಯದು ಸರಿ. ಎರಡನೆಯದು ಬದಲಾಯಿಸಿದರೆ ಒಳ್ಳೆಯದೇ, ಆದರೆ ಇವರಿಗೆ ಅಷ್ಟು ಅಗತ್ಯ ಇಲ್ಲ. ಡಬ್ಬಿ ತಾನೇ ಲೈನ್ ಎತ್ತುವಾಗ ಅದು ಬೇಕು. ಇಲ್ಲಿ ರಿಸೀವರ್ ಹಿಡಿದಿರುವುದು ಆಯಿ. ಕುಂಯ್ ಕುಂಯ್ ಕೇಳಿದರೆ ಇಡುತ್ತಾರೆ.

ತಂಗಿ ಕೇಳಿದ ಆ ಗೇಟ್‌ವೇ ಸೆಟ್ಟಿಂಗ್ ‘ನೋ’ ಇದೆಯಾ?

ಘಟ್ಟದ ಮೇಲಿನವ · ಸೋಮವಾರ ಬೆಳಿಗ್ಗೆ 8:15

‘ನೋ’ ಮಾಡಿದ್ದೇನೆ ಸಾರ್. ತಂಗಿ ಮುನಿಸಿಕೊಂಡಿದ್ದಾಳೆ.

ಎಎಲ್‌ಜಿ ಆಫ್ ಮಾಡಿದೆ. ಮಾತು ಎರಡೂ ಕಡೆ ಸರಿಯಾಯಿತು! ನಮಗೆ ಬೆಳಿಗ್ಗೆ ಆರೂವರೆ, ಅಲ್ಲಿ ರಾತ್ರಿ ಒಂಬತ್ತು. ಮುಕ್ಕಾಲು ಗಂಟೆ ಮಾತಾಡಿದರು. ಹೆಚ್ಚು ಪಾಲು ಅಪ್ಪೆಮಿಡಿ ಉಪ್ಪಿನಕಾಯಿಯದ್ದು.

ಈಗ ಹೊಸ ದೂರು. ಊರಿನ ನಂಬರ್ ಒತ್ತಿದರೆ ಹತ್ತು ಸೆಕೆಂಡ್ ಸದ್ದೇ ಇಲ್ಲ, ಆಮೇಲೆ ರಿಂಗ್. ‘ಫೋನು ಯೋಚನೆ ಮಾಡ್ತಾ ಇದ್ದು’ ಅಂತಾಳೆ ಆಯಿ. ಅಷ್ಟರಲ್ಲಿ ಇಟ್ಟುಬಿಡುತ್ತಾಳೆ.

ಅರ್ಧಂಬರ್ಧ ಇಂಜಿನಿಯರ್ · 8:40

ನಂಬರ್ ಮುಗಿಯಿತಾ, ಇನ್ನೂ ಇದೆಯಾ ಅಂತ ಅದು ಕಾಯುತ್ತಿದೆ. ಡಯಲ್ ಪ್ಲಾನ್‌ನಲ್ಲಿ ಅಂಕಿ ಎಷ್ಟು ಅಂತ ಬರೆಯಿರಿ. ನಿಮ್ಮಲ್ಲಿ ಸ್ಥಳೀಯ ನಂಬರ್ 6 ಅಂಕಿ. ಮೊಬೈಲಿಗೆ ಸೊನ್ನೆ ಸೇರಿ 11. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಸೊನ್ನೆ ಕಡ್ಡಾಯ ಅಲ್ವಾ. ಎಸ್‌ಟಿಡಿಯೂ ಸೊನ್ನೆ ಸೇರಿ 11. ಅಷ್ಟು ಅಂಕಿ ಬಿದ್ದ ಕೂಡಲೇ ಕಳಿಸು ಅಂತ ಹೇಳಿಬಿಡಿ. ಕಾಯುವ ಟೈಮರ್ ಕೂಡ 10ರಿಂದ 4ಕ್ಕೆ ಇಳಿಸಿ.

ದುಬೈ ಕನ್ನಡಿಗ · 9:05

ತಂಗಿ ಆ ಕಡೆ ಏನು ಬಳಸ್ತಿದಾರೆ? ಮೊಬೈಲ್ ಆ್ಯಪ್ ಆದರೆ ಹುಷಾರು. ಬ್ಯಾಟರಿ ಉಳಿಸ್ತೀನಿ ಅಂತ ಫೋನು ಆ್ಯಪ್‌ನ ಮಲಗಿಸಿಬಿಡುತ್ತೆ. ಕರೆ ಬಂದಿದ್ದು ಗೊತ್ತೇ ಆಗಲ್ಲ.

ಘಟ್ಟದ ಮೇಲಿನವ · ಬುಧವಾರ ರಾತ್ರಿ 9:40

ದುಬೈಯವರು ಹೇಳಿದ ಹಾಗೇ ಆಯಿತು. ಮಂಗಳವಾರ ಆಯಿ ನಾಲ್ಕು ಸಲ ಮಾಡಿದ್ದಾಳೆ, ಅಲ್ಲಿ ಬಡಿದೇ ಇಲ್ಲ. ‘ಅವಳು ಎತ್ತುದೇ ಇಲ್ಲೆ’ ಅಂತ ನನಗೆ ದೂರು. ತಂಗಿ ಈಗ ಎಚ್‌ಟಿ801 ತರಿಸಿಕೊಂಡು, ಗ್ಯಾರೇಜ್ ಸೇಲಿನಲ್ಲಿ ಎರಡು ಡಾಲರಿಗೆ ಒಂದು ಫೋನ್ ಹಿಡಿದು ಅಡುಗೆಮನೆಯಲ್ಲಿ ಇಟ್ಟಿದ್ದಾಳೆ. ಆ ಡಬ್ಬಿಯ ನಂಬರ್ ಆಯಿಗೆ ಬಿಟ್ಟು ಯಾರಿಗೂ ಇಲ್ಲ. ಬಡಿದರೆ ಆಯಿಯೇ.

ಡಯಲ್ ಪ್ಲಾನ್ ಸರಿ ಮಾಡಿದ ಮೇಲೆ ಊರಿನ ಕರೆ ಕೂಡಲೇ ಹೋಗುತ್ತಿದೆ. ಬರುವ ಕರೆಯ ನಂಬರ್ ಮಾತ್ರ ಫೋನಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಮೊದಲು ಕಾಣುತ್ತಿತ್ತು.

ನಿವೃತ್ತ ಜೆಟಿಒ · 9:52

ರೀಜನಲ್ ಪುಟದಲ್ಲಿ ಕಾಲರ್ ಐಡಿ ಬಗೆ ಬದಲಾಯಿಸಿ ನೋಡಿ. ಅದು ಅಮೆರಿಕದ ಪದ್ಧತಿಯಲ್ಲಿ ಇರುತ್ತದೆ. ನಮ್ಮ ಹಳೇ ಸೆಟ್‌ಗಳು ಸುಮಾರು ಡಿಟಿಎಂಎಫ್‌ನಲ್ಲಿ, ಅಂದರೆ ಗುಂಡಿ ಒತ್ತಿದಾಗ ಬರುವಂಥ ಟೋನಿನಲ್ಲಿ, ಬಂದರೆ ಮಾತ್ರ ಓದುತ್ತವೆ.

ಬಯಲುಸೀಮೆ ಬಸವ · 10:11

ಇಷ್ಟೆಲ್ಲ ಮಾಡೋ ಬದಲು ಟ್ಯಾಬ್ ಕೊಡಿಸಿದ್ರೆ...

ಕುಂದಾಪ್ರ ಕಾಕಿ · 10:12

ಬಸವಣ್ಣನಿಗೆ ಯಾರಾದರೂ ಒಂದು ಟ್ಯಾಬ್ ಕೊಡಿಸಿ ಮಾರಾಯ್ರೆ, ಆಸೆ ಅವರಿಗೇ ಇದ್ದ ಹಾಗೆ ಕಾಣ್ತದೆ.

ಕಿತ್ತೂರು ಕುಲಕರ್ಣಿ ಓಣಿ · ಗುರುವಾರ ಬೆಳಿಗ್ಗೆ 6:50

ನಮ್ಮ ಮನ್ಯಾಗ ದೂರವಾಣಿನಗರದ ಐಟಿಐ ಫ್ಯಾಕ್ಟರಿಯ ಕರಿ ಫೋನ್ ಅದ, ಬೆರಳು ಹಾಕಿ ತಿರುಗಿಸೂದು. ತೂಕ ಹಿಡದರ ಕೈ ನೋಯ್ತದ. ಅದಕ್ಕೂ ಈ ಡಬ್ಬಿ ನಡೀತದೇನ್ರಿ?

ಅರ್ಧಂಬರ್ಧ ಇಂಜಿನಿಯರ್ · 7:30

3102ಕ್ಕೆ ನಡೆಯಲ್ಲ. ಅದಕ್ಕೆ ಗುಂಡಿ ಒತ್ತಿದ ಟೋನ್ ಬೇಕು. ತಿರುಗಿಸುವ ಫೋನ್ ಲೈನನ್ನು ಕಟ್ ಕಟ್ ಅಂತ ಕಡಿಯುತ್ತೆ, 5ಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಬಂದ ಕರೆ ಎತ್ತಿ ಮಾತಾಡಬಹುದು, ಡಯಲ್ ಆಗಲ್ಲ. ಎಚ್‌ಟಿ801ರಲ್ಲಿ ಪಲ್ಸ್ ಡಯಲಿಂಗ್ ಅಂತ ಆಯ್ಕೆ ಇದೆ, ಆನ್ ಮಾಡಿದರೆ ನಡೆಯುತ್ತೆ. ಆದರೆ ಅದರಲ್ಲಿ ಊರಿನ ಲೈನ್ ಇಲ್ಲ.

ಕಿತ್ತೂರು ಕುಲಕರ್ಣಿ ಓಣಿ · 7:41

ಊರಿನ ಲೈನ್ ಬ್ಯಾಡ್ರಿ. ಮಗ ಪುಣೆದಾಗ ಇದ್ದಾನ, ಅವಗೊಬ್ಬಗ ಹತ್ತಿದರ ಸಾಕು.

ಘಟ್ಟದ ಮೇಲಿನವ · 8:20

ನಂಬರ್ ಕಾಣತೊಡಗಿತು, ಜೆಟಿಒ ಸಾರ್ ಹೇಳಿದ್ದು ಸರಿ.

ನಿನ್ನೆ ಸಂಜೆ ಕರೆಂಟ್ ಹೋಯಿತು. ಮೂರೂ ಡಬ್ಬಿಯನ್ನು ಇನ್ವರ್ಟರ್ ಲೈನಿಗೆ ಹಾಕಿದ್ದೆ, ಫೋನ್ ನಡೆಯುತ್ತಿತ್ತು. ಆಯಿ ಕತ್ತಲಲ್ಲಿ ಬೆರಳಾಡಿಸಿ 2 ಒತ್ತಿ, # ಒತ್ತಿ, ‘ಕರೆಂಟ್ ಹೋಯ್ದು, ಅಲ್ಲಿದ್ದನೇ?’ ಅಂತ ನ್ಯೂಜೆರ್ಸಿಗೆ ಕೇಳಿದಳು.